ಹೊಸ ರಿಂಗ್ ಹಾಕಿಸಿದ ಎಂಜಿನ್: ಮೊದಲ 1000 ಕಿಲೋಮೀಟರ್ ನಿಮ್ಮ ಕೈಯಲ್ಲಿ

(ಡಿಸ್ಕವರಿ ಗಾರ್ಡನ್ಸ್‌ನಲ್ಲಿ ರಜಾ ದಿನ ನಡೆದ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ನೀವು ಇದುವರೆಗೆ ವೀಸಾ, ಸಂಬಳ, ಆರೋಗ್ಯ ವಿಮೆ ಇಂಥ ವಿಷಯಗಳನ್ನೇ ಕೇಳಿದ್ದೀರಿ. ಇವತ್ತು ಪಿಸ್ಟನ್ ರಿಂಗ್ ಬಗ್ಗೆ ಮಾತಾಡ್ತೇನೆ ಅಂದಾಗ ಕೆಲವರು ನಕ್ಕರು. ನಗಲಿ, ಅಡ್ಡಿಯಿಲ್ಲ. ಆದರೆ ಇಲ್ಲಿ ಕೂತವರಲ್ಲಿ ಹಳೆ ಕಾರು ಇಟ್ಟುಕೊಂಡವರು ಎಷ್ಟು ಜನ ಇದ್ದೀರಿ? ಕಂಪನಿ ಗಾಡಿ ಓಡಿಸುವವರು ಎಷ್ಟು ಜನ? ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವವರು ಎಷ್ಟು ಜನ? ಕೈ ಎತ್ತಿದವರನ್ನು ನೋಡಿದರೆ ಅರ್ಧಕ್ಕಿಂತ ಹೆಚ್ಚೇ ಆಯ್ತು. ಹಾಗಾದರೆ ಇದೂ ಸಂಬಳದ ವಿಷಯವೇ. ಎಂಜಿನ್ ಬಿಚ್ಚಿಸಿ ಕಟ್ಟಿಸುವುದೆಂದರೆ ನಮ್ಮಂಥವರಿಗೆ ಊರಿಗೆ ಕಳಿಸಬೇಕಾದ ಕೆಲವು ತಿಂಗಳ ದುಡ್ಡು. ಆ ದುಡ್ಡು ಉಳಿಯುತ್ತದೋ ಹೊಗೆಯಾಗಿ ಹೋಗುತ್ತದೋ ಎನ್ನುವುದು ಗ್ಯಾರೇಜಿನಿಂದ ಗಾಡಿ ಹೊರಗೆ ಬಂದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ತೀರ್ಮಾನ ಆಗಿಬಿಡುತ್ತದೆ. ಆ ಹೊತ್ತಿನಲ್ಲಿ ಸ್ಟಿಯರಿಂಗ್ ಮುಂದೆ ಕೂತಿರುವವರು ಮೆಕ್ಯಾನಿಕ್ ಅಲ್ಲ, ನೀವು.

ನನ್ನದೇ ಒಂದು ಕಥೆಯಿಂದ ಶುರು ಮಾಡ್ತೇನೆ. ಬಂದ ಹೊಸದರಲ್ಲಿ ನಾವು ರೂಮಿನ ಮೂವರು ಸೇರಿ ಮೂರನೇ ಕೈಯ ಕಾರೊಂದನ್ನು ತೆಗೆದುಕೊಂಡೆವು. ಒಂದು ಬೇಸಿಗೆಯಲ್ಲಿ ರೇಡಿಯೇಟರ್ ಕೈಕೊಟ್ಟು ಎಂಜಿನ್ ಬಿಸಿಯಾಗಿ ಆಯಿಲ್ ತಿನ್ನಲು ಶುರುವಾಯಿತು. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದೆವು. ಗಾಡಿ ಕೊಡುವಾಗ ಗ್ಯಾರೇಜಿನವರು, “1000 ಕಿಲೋಮೀಟರ್ ತನಕ ನಿಧಾನ ಹೋಗಿ, ಆಕ್ಸಿಲರೇಟರ್ ಜಾಸ್ತಿ ಒತ್ತಬೇಡಿ” ಅಂದರು. ಅಷ್ಟೇ ಹೇಳಿದ್ದು. ನಾವು ಭಯಭಕ್ತಿಯಿಂದ ಹಾಗೇ ಮಾಡಿದೆವು. ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಇಡುವುದು, ಆಮೇಲೆ ಮೊಟ್ಟೆ ಮೇಲೆ ಹೋದ ಹಾಗೆ ಹೋಗುವುದು. 1000 ಮುಗಿಯಿತು, ಹಿಂದಿನಿಂದ ನೀಲಿ ಹೊಗೆ ಹಾಗೇ ಇತ್ತು. ಪಾಸಿಂಗ್‌ಗೆ ಕೊಂಡುಹೋದರೆ ಫೇಲ್. ಮತ್ತೆ ಎಂಜಿನ್ ಬಿಚ್ಚಿದಾಗ ರಿಂಗ್‌ಗಳು ಹೊಸದರಂತೆಯೇ ಇದ್ದವು, ಸಿಲಿಂಡರ್ ಗೋಡೆ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಿಂಗ್ ಕೂತೇ ಇರಲಿಲ್ಲ. ಎರಡನೇ ಸಲ ದುಡ್ಡು ಕೊಟ್ಟಾಗಲೇ ನಾನು ಈ ಪಾಠ ಕಲಿತದ್ದು. ನಿಮಗೆ ಬಿಟ್ಟಿಗೆ ಹೇಳ್ತಿದ್ದೇನೆ, ಕೇಳಿ.

ರಿಂಗ್ ‘ಕೂರುವುದು’ ಎಂದರೇನು?

ಸಾಮಾನ್ಯ ಪೆಟ್ರೋಲ್ ಕಾರಿನ ಒಂದೊಂದು ಪಿಸ್ಟನ್‌ಗೆ ಮೂರು ರಿಂಗ್. ಮೇಲಿನದು ಕಂಪ್ರೆಷನ್ ರಿಂಗ್. ಉರಿದ ಗ್ಯಾಸಿನ ಒತ್ತಡ ಕೆಳಗೆ ಸೋರದಂತೆ ತಡೆಯುವುದು ಅದರ ಕೆಲಸ. ಎರಡನೆಯದು ಉಳಿದ ಒತ್ತಡವನ್ನು ತಡೆಯುತ್ತದೆ, ಜತೆಗೆ ಗೋಡೆಯ ಆಯಿಲ್ ಅನ್ನು ಕೆಳಗೆ ಕೆರೆಯುತ್ತದೆ. ಮೂರನೆಯದು ಆಯಿಲ್ ರಿಂಗ್. ಗೋಡೆಯ ಮೇಲೆ ತೆಳ್ಳಗೆ ಪಸೆಯಷ್ಟು ಆಯಿಲ್ ಬಿಟ್ಟು ಉಳಿದದ್ದನ್ನು ಕೆಳಗೆ ಇಳಿಸುತ್ತದೆ.

ಹೊಸ ರಿಂಗಿಗೂ ಹೊಸದಾಗಿ ಬೋರ್ ಮಾಡಿದ ಗೋಡೆಗೂ ಮೊದಲ ದಿನ ಪರಿಚಯವೇ ಇರುವುದಿಲ್ಲ. ಎಷ್ಟೇ ನಯವಾಗಿ ಕೆಲಸ ಮಾಡಿದ್ದರೂ ಎರಡೂ ಅಲ್ಲಲ್ಲಿ ಮಾತ್ರ ತಾಗಿಕೊಂಡಿರುತ್ತವೆ. ಸುತ್ತಲೂ ಒಂದೇ ಸಮ ತಾಗುವ ತನಕ ಒಂದನ್ನೊಂದು ಸ್ವಲ್ಪ ಸವೆಸಬೇಕು. ಅದನ್ನೇ ಊರಲ್ಲಿ ‘ರನ್ನಿಂಗ್’ ಅಂತಿದ್ದದ್ದು. ಬೋರ್ ಮಾಡಿಸಿದ ಬೈಕಿನವನು “ಗಾಡಿ ರನ್ನಿಂಗ್‌ನಲ್ಲಿದೆ, ಕೊಡೋದಿಲ್ಲ” ಅಂತ ಗೆಳೆಯರಿಂದ ತಪ್ಪಿಸಿಕೊಳ್ಳುತ್ತಿದ್ದುದು ನಿಮಗೆ ನೆನಪಿರಬಹುದು.

ಇದನ್ನು ಅರ್ಥ ಮಾಡಿಕೊಳ್ಳಲು ಮನೆಯ ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ. ಕಲ್ಲು ಸವೆದು ನುಣ್ಣಗಾದರೆ ಅಕ್ಕಿ ನುಣ್ಣಗಾಗುವುದಿಲ್ಲ, ಜಾರುತ್ತದೆ. ಆಗ ಉಳಿ ಹಿಡಿದುಕೊಂಡು ಬರುವವನನ್ನು ಕರೆದು ಕಲ್ಲಿಗೆ ಕಚ್ಚು ಹಾಕಿಸುತ್ತಿದ್ದರು. ಎಂಜಿನ್‌ನಲ್ಲಿ ಆ ಕೆಲಸಕ್ಕೆ ಹೋನಿಂಗ್ ಅಂತ ಹೆಸರು. ಲೇತ್ ಶಾಪಿನಲ್ಲಿ ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲು ತಿರುಗಿಸಿ ಗೋಡೆ ಮೇಲೆ ಕತ್ತರಿಯಾಕಾರದ ಅಡ್ಡಗೆರೆಗಳನ್ನು ಎಳೆಯುತ್ತಾರೆ. ಗೆರೆಯ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಗೆರೆಯ ಏರು ರಿಂಗಿನ ಮುಖವನ್ನು ಸಣ್ಣಗೆ ಉಜ್ಜುತ್ತದೆ. ಹಾಗೆ ಉಜ್ಜುತ್ತಾ ಏರು ತಾನೂ ಸವೆಯುತ್ತದೆ. ಏರು ಸವೆದು ಮುಗಿಯುವುದರೊಳಗೆ ರಿಂಗ್ ಕೂತಿರಬೇಕು. ಅವಕಾಶ ಒಂದೇ ಸಲ.

ಕಲ್ಲಿಗೆ ಕಚ್ಚು ಹಾಕಿಸಿದ ಮೇಲೆ ಅಮ್ಮ ಮೊದಲು ತೊಳೆಯುತ್ತಿದ್ದರು, ಆಮೇಲೆ ಒಂದು ಹಿಡಿ ತೌಡೋ ನುಚ್ಚೋ ರುಬ್ಬಿ ಚೆಲ್ಲುತ್ತಿದ್ದರು. ಕಲ್ಲಿನ ಪುಡಿ ದೋಸೆ ಹಿಟ್ಟಿಗೆ ಬರಬಾರದು ಅಂತ. ಎಂಜಿನ್‌ಗೂ ಇದೇ ನ್ಯಾಯ. ಮೊದಲ ಆಯಿಲ್ ಅಂದರೆ ಚೆಲ್ಲಬೇಕಾದ ಆ ಮೊದಲ ಹಿಟ್ಟು. ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಮೆಲ್ಲಗೆ ಹೋದರೆ ಯಾಕೆ ಕೆಡುತ್ತದೆ?

ಇಲ್ಲೇ ಹೆಚ್ಚಿನವರು ತಪ್ಪುವುದು. ರಿಂಗ್ ತನ್ನ ಸ್ಪ್ರಿಂಗ್ ಶಕ್ತಿಯಿಂದ ಮಾತ್ರ ಗೋಡೆಗೆ ಒತ್ತಿಕೊಳ್ಳುವುದಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸ್ ಮೇಲಿನ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ದೂಡುತ್ತದೆ. ಆಕ್ಸಿಲರೇಟರ್ ಸ್ವಲ್ಪ ಗಟ್ಟಿಯಾಗಿ ಒತ್ತಿದಾಗಲೇ ಆ ಒತ್ತಡ ಸಿಗುವುದು. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಇಟ್ಟರೆ, ಕಾಲು ಮುಟ್ಟಿಯೂ ಮುಟ್ಟದ ಹಾಗೆ ಓಡಿಸಿದರೆ, ಒತ್ತಡ ಸಾಲದೆ ರಿಂಗ್ ಆಯಿಲ್ ಮೇಲೆ ತೇಲುತ್ತದೆ. ಗೆರೆಗಳಲ್ಲಿ ನಿಂತ ಆಯಿಲ್ ಬಿಸಿಗೆ ಸುಟ್ಟು ಗೋಡೆಗೆ ವಾರ್ನಿಷ್ ಹಚ್ಚಿದ ಹಾಗೆ ಅಂಟುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ‘ಗ್ಲೇಜ್’ ಅಂತಾರೆ. ಗ್ಲೇಜ್ ಆದ ಗೋಡೆ ರಿಂಗನ್ನು ಉಜ್ಜುವುದಿಲ್ಲ. ಆಮೇಲೆ ಎಷ್ಟು ಓಡಿಸಿದರೂ ಅಷ್ಟೇ, ಮತ್ತೆ ಬಿಚ್ಚಿ ಹೋನಿಂಗ್ ಮಾಡಿಸಬೇಕು.

ಹಾಗಂತ ಮೊದಲ ದಿನವೇ ಪೆಡಲ್ ನೆಲಕ್ಕೆ ಒತ್ತಿ ಓಡಿಸಿ ಅಂತ ನಾನು ಹೇಳ್ತಿಲ್ಲ. ಅದು ಇನ್ನೊಂದು ತುದಿ. ಏರುಗಳು ಉಜ್ಜುವಾಗ ಬಿಸಿ ಹುಟ್ಟುತ್ತದೆ. ಬಿಡುವಿಲ್ಲದೆ ಓಡಿಸಿದರೆ ಆಯಿಲ್ ಪೊರೆ ಹರಿದು ಲೋಹಕ್ಕೆ ಲೋಹ ತಾಗಿ ಗೋಡೆ ಗೀರಿಬಿಡುತ್ತದೆ. ಹಾಗಾಗಿ ಗುಟ್ಟು ಇಷ್ಟೇ: ಒತ್ತಿ, ಬಿಡಿ. ಒತ್ತಿ, ಬಿಡಿ. ಒತ್ತಿದಾಗ ರಿಂಗ್ ಗೋಡೆಗೆ ಕೂರುತ್ತದೆ. ಬಿಟ್ಟಾಗ ಸಿಲಿಂಡರಿನಲ್ಲಿ ಗಾಳಿಯ ಎಳೆತ ಉಂಟಾಗಿ ಒಂದಿಷ್ಟು ಆಯಿಲ್ ಮೇಲೆ ಬಂದು ರಿಂಗನ್ನು ತಂಪು ಮಾಡುತ್ತದೆ, ಸವೆದ ಪುಡಿಯನ್ನೂ ತೊಳೆದುಕೊಂಡು ಹೋಗುತ್ತದೆ.

ಸ್ಟಾರ್ಟ್ ಮಾಡುವ ಮೊದಲು

ಗ್ಯಾರೇಜಿನಲ್ಲಿ ಕೆಲಸ ಮಾಡುವ ತಮ್ಮಂದಿರು ಇದನ್ನು ಗಮನವಿಟ್ಟು ಕೇಳಿ. ಗಾಡಿ ಮಾಲೀಕರೂ ಕೇಳಿ, ಏನು ಪ್ರಶ್ನೆ ಕೇಳಬೇಕು ಅಂತ ಗೊತ್ತಾಗುತ್ತದೆ.

ಮೊದಲನೆಯದು ತೊಳೆಯುವುದು. ಹೋನಿಂಗ್ ಆದ ಮೇಲೆ ಗೆರೆಗಳೊಳಗೆ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿದರೆ ಅದು ಹೋಗುವುದಿಲ್ಲ, ಇನ್ನೂ ಒಳಗೆ ಸೇರಿಕೊಳ್ಳುತ್ತದೆ. ಬಿಸಿ ನೀರು, ಸಾಬೂನು, ಬ್ರಷ್ ಹಿಡಿದು ತಿಕ್ಕಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಆ ಕೂಡಲೇ ಒಣಗಿಸಿ ಎಂಜಿನ್ ಆಯಿಲ್ ಸವರಿ, ಇಲ್ಲದಿದ್ದರೆ ನಿಮಿಷಗಳಲ್ಲೇ ತುಕ್ಕು.

ಎರಡನೆಯದು ರಿಂಗಿನ ಬಾಯಿ. ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಒಂಟಿಯಾಗಿ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ಸಮನಾಗಿ ದೂಡಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಸಾಮಾನ್ಯ ಲೆಕ್ಕ 25 ಮಿ.ಮೀ. ಬೋರಿಗೆ 0.1 ಮಿ.ಮೀ. ಅಂದರೆ 75 ಮಿ.ಮೀ. ಬೋರಿಗೆ ಸುಮಾರು 0.3 ಮಿ.ಮೀ. ಆ ಎಂಜಿನ್‌ನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಕೊನೆಯ ಮಾತು. ಸಂದು ಕಡಿಮೆಯಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಒತ್ತಿಕೊಂಡು ಗೋಡೆ ಗೀರುತ್ತದೆ ಅಥವಾ ರಿಂಗೇ ಮುರಿಯುತ್ತದೆ. ಮೂರೂ ರಿಂಗಿನ ಬಾಯಿ ಒಂದೇ ಸಾಲಿನಲ್ಲಿ ಬರಬಾರದು. ರಿಂಗ್ ಮೇಲೆ ಗುರುತು ಇದ್ದರೆ ಅದು ಮೇಲ್ಮುಖವಾಗಿರಬೇಕು. ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ, ಫೋಟೋ ತೆಗೆದಿಟ್ಟುಕೊಳ್ಳಿ. ಯಾಕೆ ಅಂತ ಕೊನೆಯಲ್ಲಿ ಹೇಳ್ತೇನೆ.

ಮೂರನೆಯದು ಎಂಜಿನ್ ಮೊದಲ ಸಲ ಯಾಕೆ ಕೆಟ್ಟಿತು ಅಂತ ಹುಡುಕುವುದು. ಈ ಊರಲ್ಲಿ ಎರಡು ಕಾರಣ ಮುಖ್ಯ: ಮರಳು ಮತ್ತು ಬಿಸಿ. ಗಾಳಿ ಬೀಸಿದ ದಿನ ನಮ್ಮ ಬಾಲ್ಕನಿಯಲ್ಲಿ ಬೀಳುವ ಪುಡಿ ಮರಳು ನೋಡಿದ್ದೀರಲ್ವಾ? ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ, ಅದರ ಪೈಪ್ ಒಡೆದಿದ್ದರೆ, ಅದೇ ಪುಡಿ ಸಿಲಿಂಡರಿಗೆ ಹೋಗುತ್ತದೆ. ಹೊಸ ರಿಂಗ್ ಹಾಕಿ ಹಳೆ ಫಿಲ್ಟರ್ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ರೇಡಿಯೇಟರ್, ಫ್ಯಾನ್, ವಾಟರ್ ಪಂಪ್, ಹೋಸ್ ಎಲ್ಲ ನೋಡಿಸಿ. ಕೆಲವರು “ಇದು ಬಿಸಿ ದೇಶ, ಥರ್ಮೋಸ್ಟಾಟ್ ಬೇಡ” ಅಂತ ಕಿತ್ತು ಬಿಸಾಡ್ತಾರೆ. ಹಾಗೆ ಮಾಡಬೇಡಿ. ಎಂಜಿನ್ ತನ್ನ ಹದದ ಬಿಸಿಗೆ ಬೇಗ ಬರದಿದ್ದರೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಆ ಪೆಟ್ರೋಲ್ ಗೋಡೆಯ ಆಯಿಲ್ ತೊಳೆದುಹಾಕುತ್ತದೆ. ಹೊಸ ರಿಂಗಿಗೆ ಇದು ವಿಷ.

ಇನ್ನು ಆಯಿಲ್. ರಿಂಗ್ ಕೂರುವ ತನಕ ದುಬಾರಿ ಸಿಂಥೆಟಿಕ್ ಬೇಡ, ಸಾದಾ ಮಿನರಲ್ ಆಯಿಲ್ ಹಾಕಿ ಎನ್ನುವುದು ಎಂಜಿನ್ ಕಟ್ಟುವ ಹೆಚ್ಚಿನವರ ಅನುಭವದ ಮಾತು. ಹೇಗೂ ಬೇಗ ಬದಲಿಸುವ ಆಯಿಲ್, ಅಗ್ಗವೂ ಆಯ್ತು. ದಪ್ಪ ಎಷ್ಟಿರಬೇಕೆಂದು ಗಾಡಿಯ ಪುಸ್ತಕ ನೋಡಿ.

ಮೊದಲ ಅರ್ಧ ಗಂಟೆ

ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಲೈಟ್ ಆರುವ ತನಕ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಬಿಡುವು ಕೊಡಿ, ಇಲ್ಲವಾದರೆ ಸೆಲ್ಫ್ ಮೋಟರ್ ಸುಡುತ್ತದೆ. ಆಯಿಲ್ ಎಲ್ಲ ಕಡೆ ತಲುಪಿದ ಮೇಲೆಯೇ ನಿಜವಾದ ಸ್ಟಾರ್ಟ್.

ಸ್ಟಾರ್ಟ್ ಆದ ಕೂಡಲೇ ಆಯಿಲ್ ಲೈಟ್ ನೋಡಿ. ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ಆಫ್. ಆರಿದರೆ ಐಡ್ಲಿಂಗ್‌ನಲ್ಲಿ ಬಿಡದೆ ಆರ್‌ಪಿಎಂ 1500ರಿಂದ 2000ದವರೆಗೆ ಏರಿಸುತ್ತಾ ಇಳಿಸುತ್ತಾ ಇರಿ. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ: ಆಯಿಲ್ ಸೋರುತ್ತಿದೆಯಾ, ನೀರು ಸೋರುತ್ತಿದೆಯಾ, ಫ್ಯಾನ್ ಸರಿಯಾದ ಹೊತ್ತಿಗೆ ತಿರುಗಿತಾ ಅಂತ ನೋಡಲಿ. ಎಸಿ ಆಫ್ ಇರಲಿ. ಟೆಂಪರೇಚರ್ ಮುಳ್ಳು ಹದಕ್ಕೆ ಬಂದು ನಿಂತ ಮೇಲೆ ಆಫ್ ಮಾಡಿ ಪೂರ್ತಿ ತಣಿಯಲು ಬಿಡಿ. ತಣಿದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ನೋಡಿ. ಬಿಸಿಯಲ್ಲಿ ತೆಗೆದು ಮುಖ ಸುಟ್ಟುಕೊಂಡವರು ಇದ್ದಾರೆ.

ಒಂದು ಎಚ್ಚರಿಕೆ: ಬಾಗಿಲು ಮುಚ್ಚಿದ ಶೆಡ್, ಬೇಸ್‌ಮೆಂಟ್ ಪಾರ್ಕಿಂಗ್ ಇಂಥಲ್ಲಿ ಈ ಕೆಲಸ ಬೇಡವೇ ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಅಂತ ಕೂತವರು ಏಳುವುದಿಲ್ಲ.

ಶಾರ್ಜಾದಿಂದ ಡಿಸ್ಕವರಿ ಗಾರ್ಡನ್ಸ್‌ಗೆ ತರುವುದು ಹೇಗೆ?

ನಮ್ಮಲ್ಲಿ ಹೆಚ್ಚಿನವರು ಎಂಜಿನ್ ಕೆಲಸ ಮಾಡಿಸುವುದು ಅಲ್ ಕೂಸ್‌ನಲ್ಲಿ, ಇಲ್ಲವೇ ಶಾರ್ಜಾದ ಸನಾಯ್ಯದಲ್ಲಿ. ಸಂಜೆ ಡ್ಯೂಟಿ ಮುಗಿಸಿ ಹೋಗಿ ಗಾಡಿ ತೆಗೆದುಕೊಂಡು ಹೊರಡ್ತೀರಿ. ಶಾರ್ಜಾ–ದುಬೈ ರಸ್ತೆಯ ಸಂಜೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಒಂದು ಗಂಟೆ ಇಂಚು ಇಂಚು ಸರಿಯುವುದು, ಎಸಿ ಫುಲ್, ಎಂಜಿನ್ ಐಡ್ಲಿಂಗ್. ಟ್ರಾಫಿಕ್ ಬಿಟ್ಟ ಮೇಲೆ ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಕ್ರೂಸ್ ಹಾಕಿ ಬರುವುದು. ಹೊಸ ರಿಂಗಿಗೆ ಬೇಡವಾದ ಎರಡೂ ಕೆಲಸ ಸುಮಾರು 50 ಕಿಲೋಮೀಟರಿನ ಒಂದೇ ಪ್ರಯಾಣದಲ್ಲಿ ಆಗಿಹೋಯ್ತು.

ಆದ್ದರಿಂದ ಗಾಡಿ ತೆಗೆದುಕೊಳ್ಳಲು ರಜಾ ದಿನದ ಬೆಳಿಗ್ಗೆ ಹೋಗಿ, ಬಿಸಿಲು ಏರುವ ಮೊದಲು. ಗ್ಯಾರೇಜಿನಲ್ಲಿ ಮೊದಲ ಅರ್ಧ ಗಂಟೆಯ ಕೆಲಸ ನಿಮ್ಮ ಎದುರಿಗೇ ಆಗಲಿ. ಆಮೇಲೆ ಖಾಲಿ ರಸ್ತೆಯಲ್ಲಿ ಹೀಗೆ ಮಾಡಿ: ಎಂಜಿನ್ ಹದಕ್ಕೆ ಬಂದ ಮೇಲೆ ಮೂರನೇ ಗೇರಿನಲ್ಲಿ 40–50 ವೇಗದಿಂದ 80ರ ತನಕ ಪೆಡಲನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ ಏರಿಸಿ. ಕಾಲು ಪೂರ್ತಿ ತೆಗೆಯಿರಿ, ಬ್ರೇಕ್ ಬೇಡ, ಕ್ಲಚ್ ಬೇಡ, ಗೇರಿನಲ್ಲೇ 50ಕ್ಕೆ ಇಳಿಯಲಿ. ಆಟೋಮ್ಯಾಟಿಕ್ ಆದರೆ ಲಿವರನ್ನು ಕೆಳಗಿನ ಗೇರಿಗೆ ಹಾಕಿಕೊಂಡರೆ ಎಂಜಿನ್ ಹಿಡಿಯುತ್ತದೆ. ಹೀಗೆ ಎಂಟು–ಹತ್ತು ಸಲ. ನಡುನಡುವೆ ಎರಡು ನಿಮಿಷ ಸಾಮಾನ್ಯವಾಗಿ ಓಡಿಸಿ ತಂಪಾಗಲು ಬಿಡಿ. ಕಣ್ಣು ಟೆಂಪರೇಚರ್ ಮುಳ್ಳಿನ ಮೇಲಿರಲಿ.

ಆದರೆ ರಸ್ತೆ ನಮ್ಮದೊಬ್ಬರದೇ ಅಲ್ಲ. ಆ ರಸ್ತೆಯ ವೇಗದ ಮಿತಿಯೊಳಗೇ ಮಾಡಿ. ಹಿಂದೆ ಗಾಡಿ ಇದ್ದಾಗ ಕಾಲು ತೆಗೆಯಬೇಡಿ, ಗೇರಿನಲ್ಲಿ ಇಳಿಯುವಾಗ ನಿಮ್ಮ ಬ್ರೇಕ್ ಲೈಟ್ ಉರಿಯುವುದಿಲ್ಲ ಅಂತ ನೆನಪಿರಲಿ. ಇಲ್ಲಿ ನಿಧಾನ ಹೋಗುವವರ ಲೇನ್ ಬಲಬದಿಯದು, ಊರಿನ ಅಭ್ಯಾಸದಲ್ಲಿ ಎಡಕ್ಕೆ ಹೋಗಬೇಡಿ. ನಮ್ಮ ಬಿಲ್ಡಿಂಗುಗಳ ನಡುವಿನ ಒಳರಸ್ತೆಗಳು, ಹಂಪ್, ಎರಡೂ ಬದಿ ನಿಂತ ಗಾಡಿ, ಸೈಕಲ್ ಓಡಿಸುವ ಮಕ್ಕಳು, ಇಂಥ ಕಡೆ ಈ ಪ್ರಯೋಗ ಖಂಡಿತ ಬೇಡ. ಗ್ಯಾರೇಜಿನಲ್ಲಿ ನಿಂತಿದ್ದಾಗಲೇ ಮುಲ್ಕಿಯಾ, ಇನ್ಶೂರೆನ್ಸ್ ಮುಗಿದಿದ್ದರೆ ಗಾಡಿ ರಸ್ತೆಗೆ ಇಳಿಸಬೇಡಿ, ರಿಕವರಿಯಲ್ಲಿ ತನ್ನಿ.

ಬೋರ್ ಮಾಡಿಸುವ ಬದಲು ಬೇರೆ ಹಳೆ ಎಂಜಿನ್ ಕೂರಿಸಿದ್ದರೆ ಇನ್ನೊಂದು ಮಾತು. ಎಂಜಿನ್ ನಂಬರ್ ಬದಲಾಗಿರುತ್ತದೆ. ಎಂಜಿನ್ ಕೊಂಡ ಬಿಲ್ ಇಟ್ಟುಕೊಂಡು ಮುಲ್ಕಿಯಾದಲ್ಲಿ ನಂಬರ್ ಸರಿಮಾಡಿಸಿಕೊಳ್ಳಿ. ಪಾಸಿಂಗ್‌ನಲ್ಲಿ ಹೊಂದದಿದ್ದರೆ ತೊಂದರೆ ನಿಮಗೇ.

ಆಮೇಲಿನ 1000 ಕಿಲೋಮೀಟರ್

ಮೊದಲ 50–100 ಕಿಲೋಮೀಟರ್ ಆದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ತೆಗೆದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಬೆಳ್ಳಿ ಮಿಂಚು ಕಂಡರೆ ಗಾಬರಿ ಬೇಡ, ಅದೇ ರುಬ್ಬಿ ಚೆಲ್ಲುವ ಮೊದಲ ಹಿಟ್ಟು. ಉಗುರಿಗೆ ಸಿಗುವಂಥ ಚೂರು ಕಂಡರೆ ಮಾತ್ರ ಮುಂದೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಎರಡನೇ ಸಲ 500ಕ್ಕೆ, ಮೂರನೇ ಸಲ 1500ರ ಸುಮಾರಿಗೆ ಬದಲಿಸಿ. ಆಮೇಲೆ ಪುಸ್ತಕದಲ್ಲಿ ಹೇಳಿದ ಆಯಿಲ್‌ಗೆ ಹೋಗಬಹುದು. ಹಳೆ ಆಯಿಲನ್ನು ಮರಳಿಗೋ ಚರಂಡಿಗೋ ಸುರಿಯಬೇಡಿ. ಅದು ಕಾನೂನಿಗೂ ವಿರುದ್ಧ, ನೆಲಕ್ಕೂ ಕೆಟ್ಟದು. ಗ್ಯಾರೇಜಿನ ಡ್ರಮ್ಮಿಗೇ ಹಾಕಿ. ಪಾರ್ಕಿಂಗ್‌ನಲ್ಲಿ ಗಾಡಿ ಎತ್ತಿ ಕೆಳಗೆ ಮಲಗಿ ಆಯಿಲ್ ಬದಲಿಸುವ ಸಾಹಸವೂ ಬೇಡ.

ಮೊದಲ 500 ಕಿಲೋಮೀಟರ್ ತನಕ ಒಂದೇ ವೇಗದಲ್ಲಿ ದೂರ ಹೋಗಬೇಡಿ, ಕ್ರೂಸ್ ಹಾಕಬೇಡಿ. ಅಬುಧಾಬಿಗೆ ಹೋಗಲೇಬೇಕಾದರೆ 80, 100, 90 ಅಂತ ವೇಗ ಬದಲಿಸುತ್ತಾ ಹೋಗಿ. ಆರ್‌ಪಿಎಂ 3500 ದಾಟಿ ಹೆಚ್ಚು ಹೊತ್ತು ಇಡಬೇಡಿ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಹತ್ತಾ, ಜೆಬೆಲ್ ಜೈಸ್, ಜೆಬೆಲ್ ಹಫೀತ್ ಘಾಟಿ ಹತ್ತುವ ಪ್ರೋಗ್ರಾಂ 1000 ಆದ ಮೇಲೆ ಇಟ್ಟುಕೊಳ್ಳಿ. ಪಾರ್ಕಿಂಗ್‌ನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ಊರಿಗೆ ಫೋನಿನಲ್ಲಿ ಮಾತಾಡುವ ಅಭ್ಯಾಸ ಇದ್ದರೆ ಈ ದಿನಗಳಲ್ಲಿ ಮೆಟ್ಟಿಲ ಮೇಲೆ ಕೂತು ಮಾತಾಡಿ.

ದಿನಾ ಬೆಳಿಗ್ಗೆ, ತಣ್ಣಗಿರುವಾಗ, ಸಮನೆಲದಲ್ಲಿ ಆಯಿಲ್ ಕಡ್ಡಿ ತೆಗೆದು ನೋಡಿ. ತಾರೀಖು, ಕಿಲೋಮೀಟರ್, ಆಯಿಲ್ ಮಟ್ಟ, ಹೀಗೆ ಮೂರು ಕಲಮಿನ ಒಂದು ಚೀಟಿ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ದಿನ ಹೋದ ಹಾಗೆ ಇಳಿಯುವುದು ಕಡಿಮೆಯಾಗುತ್ತಾ ಬಂದು ನಿಂತರೆ ರಿಂಗ್ ಕೂತಿತು ಅಂತ ಲೆಕ್ಕ.

ಕೂತಿಲ್ಲ ಎಂದು ತಿಳಿಯುವುದು ಹೇಗೆ?

ಹೊಗೆಯ ಬಣ್ಣ ನೋಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಬಿಳಿ, ಸಿಹಿ ವಾಸನೆ ಅಂದರೆ ಕೂಲಂಟ್ ಒಳಗೆ ಹೋಗುತ್ತಿದೆ. ಕಪ್ಪು ಅಂದರೆ ಪೆಟ್ರೋಲ್ ಹೆಚ್ಚಾಗಿದೆ. ನೀಲಿಯಲ್ಲೂ ವ್ಯತ್ಯಾಸ ಇದೆ. ಪೆಡಲ್ ಒತ್ತಿ ಏರಿಸುವಾಗ ನೀಲಿ ಬಂದರೆ ರಿಂಗ್ ಮೇಲೆ ಸಂಶಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬಂದು ನಿಂತರೆ, ಅಥವಾ ಬಹಳ ಹೊತ್ತು ನಿಂತು ಹೊರಟಾಗ ಬಂದರೆ ವಾಲ್ವ್ ಸೀಲ್ ಮೇಲೆ ಸಂಶಯ. ವಾಲ್ವ್ ಸೀಲ್ ಕೆಲಸಕ್ಕೆ ಪಿಸ್ಟನ್ ಬಿಚ್ಚಬೇಕಾಗಿಲ್ಲ, ಖರ್ಚೂ ಕಡಿಮೆ. ಪಿಸಿವಿ ವಾಲ್ವ್ ಎಂಬ ಸಣ್ಣ ಭಾಗ ಕಟ್ಟಿಕೊಂಡರೂ ಆಯಿಲ್ ತಿನ್ನುವ ಹಾಗೆ ಕಾಣುತ್ತದೆ. ಹಾಗಾಗಿ “ರಿಂಗ್ ಹೋಯ್ತು” ಅಂತ ಯಾರಾದರೂ ಒಂದೇ ನೋಟಕ್ಕೆ ಹೇಳಿದರೆ ಒಪ್ಪಬೇಡಿ.

ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಬಹಳ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಅಂಕಿ ಏರಿದರೆ ಸೋರುವುದು ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್‌ನಲ್ಲಿ. ಈ ಅಂಕಿಗಳನ್ನು ಬರೆಸಿಕೊಳ್ಳದೆ ಎರಡನೇ ಸಲ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಹಣ, ಕಾಗದ ಮತ್ತು ನಿಮ್ಮ ಹಕ್ಕು

ಗಾಡಿ ನಿಮ್ಮದಾದರೆ: ಕೆಲಸಕ್ಕೆ ಕೊಡುವ ಮೊದಲೇ ಯಾವ ಪಾರ್ಟ್, ಎಷ್ಟು ಹಣ, ಎಷ್ಟು ತಿಂಗಳು ಅಥವಾ ಎಷ್ಟು ಕಿಲೋಮೀಟರ್ ಗ್ಯಾರಂಟಿ ಅಂತ ಬಿಲ್ಲಿನಲ್ಲೇ ಬರೆಸಿ. ಬಾಯಿ ಮಾತಿನ ಗ್ಯಾರಂಟಿ ಗ್ಯಾರಂಟಿಯಲ್ಲ. ತೆಗೆದ ಹಳೆ ರಿಂಗ್, ಪಿಸ್ಟನ್ ಕೇಳಿ ಪಡೆಯಿರಿ. ಆಯಿಲ್ ಬದಲಿಸಿದ ಬಿಲ್, ಡ್ಯಾಶ್‌ಬೋರ್ಡಿನ ಚೀಟಿ ಜೋಪಾನ. “ನೀನೇ ಸರಿ ಓಡಿಸಲಿಲ್ಲ” ಅಂದಾಗ ನಿಮ್ಮ ಪರ ಮಾತಾಡುವುದು ಅವೇ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಗ್ಯಾರೇಜ್ ಯಾವ ಎಮಿರೇಟ್‌ನಲ್ಲಿದೆಯೋ ಅಲ್ಲಿನ ಆರ್ಥಿಕ ಇಲಾಖೆಯ ಗ್ರಾಹಕ ರಕ್ಷಣೆ ವಿಭಾಗಕ್ಕೆ ದೂರು ಕೊಡಬಹುದು. ಇನ್ನೊಂದು ವಿಷಯ, ಎಂಜಿನ್ ಖರ್ಚು ಎತ್ತಲು ಪರವಾನಗಿ ಇಲ್ಲದೆ ದುಡ್ಡು ತೆಗೆದುಕೊಂಡು ಕಾರ್‌ಲಿಫ್ಟ್ ಓಡಿಸಬೇಡಿ. ಸಿಕ್ಕಿಬಿದ್ದರೆ ದಂಡವೂ ದೊಡ್ಡದು, ಗಾಡಿಯೂ ಜಪ್ತಿ.

ಗಾಡಿ ಕಂಪನಿಯದಾದರೆ: ಎಂಜಿನ್ ಕೆಲಸ ಆಗಿ ಬಂದ ವ್ಯಾನನ್ನು ಅದೇ ದಿನ ಲೋಡ್ ತುಂಬಿ ಲಾಂಗ್ ಟ್ರಿಪ್‌ಗೆ ಕಳಿಸಿದರೆ ಸೂಪರ್‌ವೈಸರ್‌ಗೆ ಒಂದು ವಾಟ್ಸ್ಆ್ಯಪ್ ಸಂದೇಶ ಹಾಕಿ: “ಎಂಜಿನ್ ಹೊಸದಾಗಿ ಕಟ್ಟಿದ್ದು, ಮೊದಲ 500 ಕಿಲೋಮೀಟರ್ ಭಾರ ಬೇಡ ಅಂತ ಗ್ಯಾರೇಜ್ ಹೇಳಿದೆ, ಏನು ಮಾಡಲಿ?” ವಿನಯವಾಗಿ ಕೇಳಿ, ಆದರೆ ಬರಹದಲ್ಲಿ ಕೇಳಿ. ನಾಳೆ ಎಂಜಿನ್ ಸೀಜ್ ಆದರೆ ತಪ್ಪು ನಿಮ್ಮ ತಲೆಗೆ ಬರಬಾರದು.

ಗ್ಯಾರೇಜಿನಲ್ಲಿ ಕೆಲಸ ಮಾಡುವ ತಮ್ಮಂದಿರಿಗೆ: ಕಟ್ಟಿದ ಎಂಜಿನ್ ವಾಪಸ್ ಬಂದರೆ ಹೆಲ್ಪರ್ ಸಂಬಳದಿಂದ ಹಿಡಿದುಕೊಳ್ಳುವುದು ಅಲ್ಲಲ್ಲಿ ನಡೆಯುತ್ತದೆ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಫೆಡರಲ್ ಡಿಕ್ರಿ ಕಾನೂನಿನ 25ನೇ ವಿಧಿ, ಇಂಥದ್ದಕ್ಕೆ ಮಿತಿ ಹಾಕಿದೆ. ಮಾಲೀಕರ ಯಂತ್ರ, ಸಾಮಾನಿಗೆ ನಿಮ್ಮ ತಪ್ಪಿನಿಂದ ಹಾನಿಯಾದಾಗ ಅದರ ರಿಪೇರಿ ಹಣ ಸಂಬಳದಲ್ಲಿ ಮುರಿಯಲು ನಿಮ್ಮ ಲಿಖಿತ ಒಪ್ಪಿಗೆ ಬೇಕು. ಹಲವು ಕಾರಣಕ್ಕೆ ಮುರಿದರೂ ಒಟ್ಟು ಸಂಬಳದ ಅರ್ಧ ದಾಟುವಂತಿಲ್ಲ. ಆದ್ದರಿಂದ ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ನಾನು ಆಗ ಹೇಳಿದ ರಿಂಗ್ ಬಾಯಿಯ ಅಳತೆ, ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. “ನಾನು ಸರಿಯಾಗಿ ಕಟ್ಟಿದ್ದೆ” ಎನ್ನುವುದಕ್ಕೆ ಅದೇ ಸಾಕ್ಷಿ. ಮನೆ ಡ್ರೈವರ್ ಕೆಲಸದವರಿಗೆ ಬೇರೆ ಕಾನೂನು ಇದೆ, ಮನೆಕೆಲಸದವರ ಬಗ್ಗೆ 2022ರಲ್ಲಿ ಬಂದದ್ದು. ಬಯಲಿನಲ್ಲಿ, ನೇರ ಬಿಸಿಲಿನಲ್ಲಿ ಗಾಡಿ ಕೆಲಸ ಮಾಡುವವರು ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3 ಗಂಟೆಯವರೆಗಿನ ಬಿಡುವು ನಿಮ್ಮ ಹಕ್ಕು ಎಂಬುದನ್ನು ಮರೆಯಬೇಡಿ. ಸಲಹೆ ಬೇಕಾದರೆ ನಮ್ಮ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 80046342ಕ್ಕೆ ಕರೆ ಮಾಡಿ.

ಗೋಡೆಗೆ ಅಂಟಿಸಿಕೊಳ್ಳಿ

1. ಗ್ಯಾರಂಟಿ ಬಿಲ್ಲಿನಲ್ಲಿ ಬರೆಸಿ. ಎಂಜಿನ್ ಯಾಕೆ ಕೆಟ್ಟಿತೋ ಆ ಕಾರಣವನ್ನು ಮೊದಲು ಸರಿಮಾಡಿಸಿ.
2. ಹೊಸ ಏರ್ ಫಿಲ್ಟರ್ ಹಾಕಿಸಿ, ಥರ್ಮೋಸ್ಟಾಟ್ ಇರಲಿ.
3. ಐಡ್ಲಿಂಗ್‌ನಲ್ಲಿ ಬಹಳ ಹೊತ್ತು ನಿಲ್ಲಿಸಬೇಡಿ.
4. ಒತ್ತಿ, ಬಿಡಿ: 50ರಿಂದ 80, 80ರಿಂದ 50, ಎಂಟು–ಹತ್ತು ಸಲ, ಖಾಲಿ ರಸ್ತೆಯಲ್ಲಿ.
5. ಆಯಿಲ್, ಫಿಲ್ಟರ್: ಮೊದಲು 50–100ಕ್ಕೆ, ಆಮೇಲೆ 500ಕ್ಕೆ, ಆಮೇಲೆ 1500ಕ್ಕೆ.
6. 500ರ ತನಕ ಒಂದೇ ವೇಗ ಬೇಡ. 1000ದ ತನಕ ಘಾಟಿ ಬೇಡ, ಭಾರ ಬೇಡ.
7. ದಿನಾ ಆಯಿಲ್ ಕಡ್ಡಿ ನೋಡಿ, ಚೀಟಿಯಲ್ಲಿ ಬರೆಯಿರಿ.
8. ಓದದೆ ಎಲ್ಲಿಯೂ ಸಹಿ ಹಾಕಬೇಡಿ.

ಕೊನೆಗೆ ಒಂದು ಮಾತು. ಎರಡನೇ ಸಲ ಕಟ್ಟಿಸಿದ ನಮ್ಮ ಆ ಕಾರು ಆಮೇಲೆ ಹೊಗೆ ಬಿಡದೆ ಓಡಿತು. ಆದರೆ ಆ ವರ್ಷ ನಮ್ಮಲ್ಲಿ ಒಬ್ಬನಿಗೆ ತಂಗಿಯ ಮದುವೆಗೆ ಊರಿಗೆ ಹೋಗಲು ಟಿಕೆಟ್ ದುಡ್ಡು ಉಳಿಯಲಿಲ್ಲ, ಅವನು ಮದುವೆಯನ್ನು ಫೋನಿನಲ್ಲೇ ನೋಡಿದ. ಒಂದು ಅರ್ಧ ಗಂಟೆ ಸರಿಯಾಗಿ ಓಡಿಸಲು ಗೊತ್ತಿದ್ದರೆ ಅವನು ಹೋಗಿ ಬರುತ್ತಿದ್ದ. ಈಗ ನಿಮಗೆ ಗೊತ್ತಾಯ್ತು. ಪಕ್ಕದ ರೂಮಿನವರಿಗೂ ಹೇಳಿ.